ಆಟದ ನಿಯಮ, ಆಡುವವನ ನಿಯಮ

ಮನುಷ್ಯನು ಸ್ವಭಾವತಃ ಕ್ರೀಡಾಪ್ರಿಯನು. ಮಾಡಲು ಕೆಲಸವಿಲ್ಲದವನು ಮಾತ್ರ ಆಟಕ್ಕೆ ಇಳಿಯುತ್ತಾನೆಂಬ ಮಾತು ಸರಿಯಲ್ಲ; ರಾಜ್ಯಭಾರ ಹೊತ್ತವರೂ ಆಟವನ್ನು ಬಿಟ್ಟಿರಲಿಲ್ಲ. ಇದಕ್ಕೆ ಸಾಕ್ಷಿಯನ್ನು ಹುಡುಕಿಕೊಂಡು ನಾವು ದೂರ ಹೋಗಬೇಕಾಗಿಯೂ ಇಲ್ಲ. ಇಂದಿನ ಬಸವಕಲ್ಯಾಣವನ್ನು ರಾಜಧಾನಿಯಾಗಿ ಮಾಡಿಕೊಂಡು ಆಳಿದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು 12ನೆಯ ಶತಮಾನದ ಪೂರ್ವಾರ್ಧದಲ್ಲಿ ‘ಮಾನಸೋಲ್ಲಾಸ’ವೆಂಬ ಸಂಸ್ಕೃತ ಗ್ರಂಥವನ್ನು ರಚಿಸಿದನು. ಅದರಲ್ಲಿ ನೂರು ಅಧ್ಯಾಯಗಳು; ಇಪ್ಪತ್ತಿಪ್ಪತ್ತು ಅಧ್ಯಾಯಗಳ ಐದು ವಿಭಾಗಗಳು. ಮೊದಲಿನವು ರಾಜ್ಯವನ್ನು ಪಡೆಯುವುದಕ್ಕೂ ಉಳಿಸಿಕೊಳ್ಳುವುದಕ್ಕೂ ಸುಖವಾಗಿ ಬಾಳುವುದಕ್ಕೂ ಸಂಬಂಧಿಸಿದವು. ಕೊನೆಯ ಎರಡು ವಿನೋದಕ್ಕೂ ಕ್ರೀಡೆಗೂ ಮೀಸಲು. ಚದುರಂಗಕ್ಕೂ ದಾಳದಾಟಕ್ಕೂ ಅಲ್ಲಿ ಸ್ಥಾನವುಂಟು. ಒಬ್ಬ ಅರಸನು ತನ್ನ ಗ್ರಂಥದ ಐದರಲ್ಲಿ ಎರಡು ಪಾಲನ್ನು ವಿನೋದಕ್ಕೂ ಆಟಕ್ಕೂ ಕೊಟ್ಟನೆಂದರೆ, ಆಟವು ವಿಚಾರಕ್ಕೆ ಯೋಗ್ಯವಾದ ವಸ್ತುವೆಂದು ನಾವು ಧಾರಾಳವಾಗಿ ಒಪ್ಪಬಹುದು.

ಸೋಮೇಶ್ವರನ ಕಾಲದ ಆಟದ ಹಾಸು ಇಂದು ಅಂಗೈಯಗಲದ ಗಾಜಿನ ಫಲಕವಾಗಿದೆ. ಅದೇ ಬಸವಕಲ್ಯಾಣ ತಾಲ್ಲೂಕಿನ ಮಂಠಾಳದಲ್ಲಿ ಸಂಜೆಯ ಹೊತ್ತು ಒಂದು ಸುತ್ತು ಹಾಕಿ ಬಂದರೆ, ಕಟ್ಟೆಯ ಮೇಲೆ ನಾಲ್ಕು ಜನ ತರುಣರು ತಲೆತಗ್ಗಿಸಿ ಕುಳಿತಿರುವುದು ಕಾಣುತ್ತದೆ. ನಾಲ್ವರೂ ಮೌನಿಗಳು; ಆದರೂ ನಾಲ್ವರೂ ಒಂದೇ ರಣರಂಗದಲ್ಲಿದ್ದಾರೆ. ಪಕ್ಕದಲ್ಲಿ ಕುಳಿತ ಹಿರಿಯರು, “ಈ ಮೊಬೈಲು ಹುಡುಗರನ್ನು ಹಾಳುಮಾಡಿತು” ಎನ್ನುತ್ತಾರೆ. “ಕಾಕಾ, ಇದು ಬರೀ ಆಟ” ಎಂದು ತರುಣರು ತಲೆಯೆತ್ತದೆಯೇ ಉತ್ತರ ಕೊಡುತ್ತಾರೆ. ಎರಡು ತೀರ್ಪುಗಳೂ ವಿಚಾರಣೆಗೆ ಮೊದಲೇ ಹೊರಬಿದ್ದವು.

ಈ ಲೇಖಕನು ಭೌತಶಾಸ್ತ್ರದ ಅಧ್ಯಾಪಕನು; ಜೊತೆಗೆ ಬಾಲ್ಯದಿಂದಲೂ ವಿಡಿಯೊ ಆಟಗಳ ಅಭಿಮಾನಿ. ಆದುದರಿಂದ ಮುಂದಿನ ಮಾತುಗಳನ್ನು ವಾಚಕರು ಆಟವನ್ನು ಬಲ್ಲವನ ಅಭಿಪ್ರಾಯಗಳೆಂದು ಎಣಿಸಬೇಕೇ ಹೊರತು ಆಟದ ವೈರಿಯ ಉಪದೇಶವೆಂದಲ್ಲ. ಎಲ್ಲ ಆಟಗಳನ್ನೂ ಒಂದೇ ತಕ್ಕಡಿಗೆ ಹಾಕಿ ಒಳ್ಳೆಯದು, ಕೆಟ್ಟದ್ದು ಎಂದು ತೂಗುವುದು ವಿಜ್ಞಾನದ ರೀತಿಯಲ್ಲ. ಮೊದಲು ವಿಂಗಡಿಸಬೇಕು, ಬಳಿಕ ಅಳೆಯಬೇಕು, ನಿರ್ಣಯವು ಕೊನೆಗೆ ಬರಬೇಕು.

ಪ್ರಯೋಗಶಾಲೆಯಲ್ಲಿ ಹುಟ್ಟಿದ ಶಿಶು

ವಿಡಿಯೊ ಆಟವು ವ್ಯಾಪಾರಿಗಳ ಸೃಷ್ಟಿಯೆಂದು ಅನೇಕರು ಭಾವಿಸಿದ್ದಾರೆ. ಅದರ ಬಾಲ್ಯವು ಕಳೆದದ್ದು ಪ್ರಯೋಗಶಾಲೆಯಲ್ಲಿ. ಅಮೆರಿಕದ ಬ್ರೂಕ್‌ಹೇವನ್ ರಾಷ್ಟ್ರೀಯ ಪ್ರಯೋಗಶಾಲೆಯಲ್ಲಿ ವಿಲಿಯಂ ಹಿಗಿನ್‌ಬಾಥಂ ಎಂಬ ಭೌತವಿಜ್ಞಾನಿಯಿದ್ದನು. ವರ್ಷಕ್ಕೊಮ್ಮೆ ಸಾರ್ವಜನಿಕರು ಪ್ರಯೋಗಶಾಲೆಯನ್ನು ನೋಡಲು ಬರುತ್ತಿದ್ದರು. ನಿಶ್ಚಲವಾಗಿ ನಿಂತ ಯಂತ್ರಗಳನ್ನು ನೋಡಿ ಬೇಸತ್ತು ಹೋಗುತ್ತಿದ್ದರು. ಅವರ ಬೇಸರವನ್ನು ಕಳೆಯಲೆಂದು ಆತನು 1958ರ ಅಕ್ಟೋಬರ್ ತಿಂಗಳಲ್ಲಿ ಒಂದು ಸಣ್ಣ ಗಣಕವನ್ನೂ ಒಂದು ಆಸಿಲ್ಲೋಸ್ಕೋಪನ್ನೂ ಜೋಡಿಸಿ, ಇಬ್ಬರು ಆಡಬಹುದಾದ ಟೆನಿಸ್ ಆಟವನ್ನು ಸಿದ್ಧಪಡಿಸಿದನು. ಚೆಂಡೆಂದರೆ ಒಂದು ಬೆಳಕಿನ ಚುಕ್ಕೆ; ಬಲೆಯೆಂದರೆ ನಡುವಿನ ಒಂದು ಗೆರೆ. ಆದರೆ ಆ ಚುಕ್ಕೆ ಪುಟಿಯುತ್ತಿದ್ದುದು ನ್ಯೂಟನ್ನನ ನಿಯಮದಂತೆಯೇ. ಮರುವರ್ಷದ ಪ್ರದರ್ಶನದಲ್ಲಿ ಗುರುತ್ವವನ್ನು ಹೆಚ್ಚು ಕಡಮೆ ಮಾಡಿ, ಚಂದ್ರನ ಮೇಲೆ ಅಥವಾ ಗುರುಗ್ರಹದ ಮೇಲೆ ಆಡಿದರೆ ಚೆಂಡು ಹೇಗೆ ಪುಟಿಯುವುದೆಂಬುದನ್ನೂ ತೋರಿಸುವ ಏರ್ಪಾಡಾಯಿತು. ಜನರು ಸಾಲುಗಟ್ಟಿ ನಿಂತರು. ಹಿಗಿನ್‌ಬಾಥಂ ಅದಕ್ಕೆ ಹಕ್ಕುಪತ್ರವನ್ನು ಸಹ ಪಡೆಯಲಿಲ್ಲ.

ನಾಲ್ಕು ವರ್ಷಗಳ ಅನಂತರ, 1962ರಲ್ಲಿ, ಎಂ.ಐ.ಟಿ. ಸಂಸ್ಥೆಯಲ್ಲಿ ಸ್ಟೀವ್ ರಸೆಲ್ ಮತ್ತು ಗೆಳೆಯರು ಪಿ.ಡಿ.ಪಿ.-1 ಎಂಬ ಗಣಕದ ಮೇಲೆ ‘ಸ್ಪೇಸ್‌ವಾರ್’ ಎಂಬ ಆಟವನ್ನು ರಚಿಸಿದರು. ನಡುವೆ ಒಂದು ನಕ್ಷತ್ರ; ಅದರ ಸುತ್ತ ಎರಡು ಆಕಾಶನೌಕೆಗಳು. ನಕ್ಷತ್ರದ ಆಕರ್ಷಣೆಯು ನೌಕೆಗಳನ್ನು ಒಳಕ್ಕೆ ಸೆಳೆಯುತ್ತದೆ. ಜಾಣನಾದ ಆಟಗಾರನು ಆ ಸೆಳೆತವನ್ನೇ ಬಳಸಿಕೊಂಡು ವೇಗವನ್ನು ಗಳಿಸುತ್ತಾನೆ. ಇಲ್ಲಿ ಒಂದು ಸ್ವಾರಸ್ಯವುಂಟು. ನೌಕೆಗಳಿಗೆ ಗುರುತ್ವವಿದ್ದರೂ ಅವು ಹಾರಿಸುವ ಗುಂಡುಗಳಿಗೆ ಗುರುತ್ವವಿರಲಿಲ್ಲ. ಅಷ್ಟು ಲೆಕ್ಕವನ್ನು ಮಾಡಲು ಆ ಗಣಕಕ್ಕೆ ಪುರಸತ್ತು ಸಾಲುತ್ತಿರಲಿಲ್ಲ!

ಈ ಎರಡು ಉದಾಹರಣೆಗಳಿಂದ ವಿಡಿಯೊ ಆಟದ ನಿಜಸ್ವರೂಪವು ತಿಳಿಯುತ್ತದೆ. ಅದು ಒಂದು ಕಿರುಜಗತ್ತು. ಆ ಜಗತ್ತಿಗೆ ತನ್ನದೇ ಆದ ನಿಯಮಗಳಿವೆ. ಆಡುವವನು ಪದೇ ಪದೇ ಪ್ರಯತ್ನಿಸಿ, ಸೋತು, ತಿದ್ದಿಕೊಂಡು ಆ ನಿಯಮಗಳನ್ನು ಕಂಡುಕೊಳ್ಳುತ್ತಾನೆ. ಪ್ರಕೃತಿಯ ಮುಂದೆ ವಿಜ್ಞಾನಿಯು ಮಾಡುವ ಕೆಲಸವೂ ಇದೇ ಜಾತಿಯದಲ್ಲವೇ?

ಸೆಕೆಂಡಿಗೆ ಅರವತ್ತು ಚಿತ್ರಗಳು

ಈ ಕಿರುಜಗತ್ತು ನಡೆಯುವುದು ಹೇಗೆ? ಚಲಚ್ಚಿತ್ರದಲ್ಲಿರುವಂತೆ ಇಲ್ಲಿಯೂ ನಿಶ್ಚಲ ಚಿತ್ರಗಳು ಒಂದರ ಹಿಂದೊಂದು ಬರುತ್ತವೆ. ಸಾಮಾನ್ಯವಾಗಿ ಸೆಕೆಂಡಿಗೆ 60. ಚಲಚ್ಚಿತ್ರದ ಚಿತ್ರಗಳು ಮೊದಲೇ ಅಚ್ಚಾಗಿರುತ್ತವೆ. ಆಟದ ಚಿತ್ರಗಳನ್ನಾದರೋ ಆಗಿಂದಾಗ ಲೆಕ್ಕಹಾಕಿ ಬರೆಯಬೇಕು. ಒಂದೊಂದಕ್ಕೂ ಸಿಕ್ಕುವ ಕಾಲ ಸೆಕೆಂಡಿನ ಅರವತ್ತರಲ್ಲೊಂದು ಪಾಲು.

ಆಟದ ಪಾತ್ರವೊಂದು ಸೆಕೆಂಡಿಗೆ 5 ಮೀಟರ್ ವೇಗದಿಂದ ಮೇಲಕ್ಕೆ ಜಿಗಿಯಿತೆನ್ನಿ. ಗುರುತ್ವ ವೇಗೋತ್ಕರ್ಷವನ್ನು ಸುಲಭಕ್ಕಾಗಿ 10 ಎಂದು ಹಿಡಿಯೋಣ. ಗಣಕವು ಒಂದೊಂದು ಚಿತ್ರಕ್ಕೂ ವೇಗದಿಂದ 10ರ ಅರವತ್ತನೆಯ ಪಾಲನ್ನು ಕಳೆಯುತ್ತದೆ. ಉಳಿದ ವೇಗದ ಅರವತ್ತನೆಯ ಪಾಲನ್ನು ಎತ್ತರಕ್ಕೆ ಕೂಡಿಸುತ್ತದೆ. ಹೀಗೆ ಬರೀ ಕೂಡುವುದು, ಕಳೆಯುವುದು. ಪಾತ್ರವು ಸುಮಾರು 1.25 ಮೀಟರ್ ಏರಿ, 1 ಸೆಕೆಂಡಿನಲ್ಲಿ, ಎಂದರೆ 60 ಚಿತ್ರಗಳಲ್ಲಿ, ಮರಳಿ ನೆಲವನ್ನು ಮುಟ್ಟುತ್ತದೆ. ಪದವಿಪೂರ್ವ ತರಗತಿಯ ಸೂತ್ರವೂ ಇದೇ ಉತ್ತರವನ್ನು ಕೊಡುವುದೆಂದು ವಾಚಕರು ಪರೀಕ್ಷಿಸಿ ನೋಡಬಹುದು. ಗಣಿತಜ್ಞ ಆಯ್ಲರನು 18ನೆಯ ಶತಮಾನದಲ್ಲಿ ತೋರಿಸಿದ ದಾರಿಯೇ ಇದು. ಇಂದು ಅದು ಸೆಕೆಂಡಿಗೆ ಅರವತ್ತು ಬಾರಿ ನಮ್ಮ ಜೇಬಿನಲ್ಲಿ ನಡೆಯುತ್ತಿದೆ.

ನಮ್ಮ ತರುಣರಿಗೆ ಚಿರಪರಿಚಿತವಾದ ರಣರಂಗದ ಆಟಗಳನ್ನು ತೆಗೆದುಕೊಳ್ಳಿ. ‘ಪಬ್‌ಜಿ’ಯಲ್ಲಿ ಗುಂಡು ಗುರಿಯನ್ನು ಒಡನೆಯೇ ಮುಟ್ಟುವುದಿಲ್ಲ, ಅದಕ್ಕೆ ಪಯಣದ ಕಾಲ ಬೇಕು, ದಾರಿಯಲ್ಲಿ ಅದು ಕೆಳಕ್ಕೂ ಬಾಗುತ್ತದೆ. ಗುಂಡಿನ ವೇಗ ಸೆಕೆಂಡಿಗೆ 600 ಮೀಟರ್, ಗುರಿಯ ದೂರ 300 ಮೀಟರ್ ಎಂದು ಲೆಕ್ಕಕ್ಕಾಗಿ ಇಟ್ಟುಕೊಂಡರೆ, ಪಯಣದ ಕಾಲ ಅರ್ಧ ಸೆಕೆಂಡ್. ಸೆಕೆಂಡಿಗೆ 6 ಮೀಟರ್ ಓಡುವ ಎದುರಾಳಿ ಅಷ್ಟರಲ್ಲಿ 3 ಮೀಟರ್ ಸರಿದಿರುತ್ತಾನೆ, ಗುಂಡು 1.25 ಮೀಟರ್ ಕೆಳಗಿಳಿದಿರುತ್ತದೆ. ಅನುಭವಿಯಾದ ಆಟಗಾರನು ಎದುರಾಳಿಯ ಮುಂದಕ್ಕೂ ತುಸು ಮೇಲಕ್ಕೂ ಗುರಿಯಿಡುವುದು ಇದೇ ಕಾರಣದಿಂದ. ಕ್ಷಿಪಣಚಲನೆಯ ಲೆಕ್ಕವನ್ನು ಕಂಡರೆ ತರಗತಿಯಲ್ಲಿ ಮುಖ ಸಿಂಡರಿಸುವ ಹುಡುಗನು ಸಂಜೆ ಅದೇ ಲೆಕ್ಕವನ್ನು ಹೆಬ್ಬೆರಳಿನಿಂದ ಬಿಡಿಸುತ್ತಾನೆ. ಇದೊಂದು ವಿಚಿತ್ರ; ಅಧ್ಯಾಪಕರಾದವರು ಇದನ್ನು ಬಳಸಿಕೊಳ್ಳುವುದು ಮೇಲು.

ಸೋತ ಆಟಗಾರನ ಬಾಯಲ್ಲಿ ತಪ್ಪದೆ ಬರುವ ಮಾತು ‘ಲ್ಯಾಗ್’. ಇದನ್ನೂ ಅಳೆಯೋಣ. ಆಟದ ಸರ್ವರ್ ಮುಂಬಯಿಯಲ್ಲಿದೆಯೆಂದು ಇಟ್ಟುಕೊಳ್ಳೋಣ. ಬಸವಕಲ್ಯಾಣದ ಸೀಮೆಯಿಂದ ಮುಂಬಯಿಗೆ ನೇರ ದೂರ ಸುಮಾರು 450 ಕಿಲೋಮೀಟರ್. ಹೋಗಿ ಬರಲು 900. ಗಾಜಿನ ಎಳೆಯಲ್ಲಿ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರ್ ಸಾಗುವುದರಿಂದ, ಈ ಪಯಣಕ್ಕೆ ಬೇಕಾದ ಕಾಲ ಸೆಕೆಂಡಿನ ಸಾವಿರದಲ್ಲಿ ನಾಲ್ಕೂವರೆ ಭಾಗ ಮಾತ್ರ. ಫಲಕದ ಮೂಲೆಯಲ್ಲಿ 50 ಅಥವಾ 60 ಎಂದು ಕಾಣಿಸಿದರೆ, ಉಳಿದದ್ದೆಲ್ಲ ಸುತ್ತುದಾರಿಯಲ್ಲಿಯೂ ಗೋಪುರದಲ್ಲಿಯೂ ನಡುವಣ ಯಂತ್ರಗಳ ಸರದಿಯಲ್ಲಿಯೂ ಕಳೆದ ಕಾಲ. ಇದಕ್ಕಿಂತ ದೊಡ್ಡ ವಿಳಂಬವೊಂದುಂಟು. ಕಣ್ಣು ಕಂಡದ್ದಕ್ಕೆ ಬೆರಳು ಓಗೊಡಲು ಸಾಮಾನ್ಯ ಮನುಷ್ಯನಿಗೆ ಸಾವಿರದಲ್ಲಿ ಇನ್ನೂರು ಭಾಗದಷ್ಟಾದರೂ ಹಿಡಿಯುತ್ತದೆ. ನಾವು ದೂರುವ ಜಾಲಕ್ಕಿಂತ ನಮ್ಮ ನರಮಂಡಲವೇ ನಿಧಾನ! ಈ ಅಂಶವು ಮುಂದೆ ನಮಗೆ ಮತ್ತೆ ಬೇಕಾಗುತ್ತದೆ.

ಒಳ್ಳೆಯ ಆಟದ ಲಕ್ಷಣ

ನನ್ನ ಅಭಿಪ್ರಾಯದಲ್ಲಿ ಆಟವು ಒಳ್ಳೆಯದಾಗಲು ಚಿತ್ರಗಳ ವೈಭವ ಬೇಕಿಲ್ಲ. 1980ರ ದಶಕದ ಮಧ್ಯದಲ್ಲಿ ಮಾಸ್ಕೋದ ಅಲೆಕ್ಸಿ ಪಾಜಿತ್ನೋವ್ ರಚಿಸಿದ ‘ಟೆಟ್ರಿಸ್’ ಆಟದಲ್ಲಿ ಇರುವುದು ನಾಲ್ಕು ನಾಲ್ಕು ಚೌಕಗಳಿಂದಾದ ಏಳು ಆಕೃತಿಗಳು, ಅಷ್ಟೇ. 1997ರಲ್ಲಿ ನೋಕಿಯಾ ಫೋನಿನೊಳಗೆ ಹರಿದಾಡಿದ ಹಾವಿನ ಆಟಕ್ಕೆ ಬಣ್ಣವೂ ಇರಲಿಲ್ಲ. ಆದರೂ ಜಗತ್ತೆಲ್ಲ ಅವುಗಳಿಗೆ ಮರುಳಾಯಿತು. ಕಾರಣವಿಷ್ಟೆ: ಸೋತವನಿಗೆ ತಾನು ಸೋತದ್ದು ಎಲ್ಲಿ ಎಂಬುದು ಸ್ಪಷ್ಟವಾಗಿ ತಿಳಿಯುತ್ತಿತ್ತು. ತಪ್ಪು ಅವನದೇ, ತಿದ್ದಿಕೊಳ್ಳುವ ಅಧಿಕಾರವೂ ಅವನದೇ.

ಜಪಾನಿನಲ್ಲಿ 1978ರಲ್ಲಿ ಬಂದ ‘ಸ್ಪೇಸ್ ಇನ್ವೇಡರ್ಸ್’ ಆಟದ ಕಥೆಯೂ ಮನೋಹರವಾದುದು. ಶತ್ರುಗಳು ಕಡಮೆಯಾದಂತೆಲ್ಲ ಉಳಿದವರು ಬೇಗಬೇಗನೆ ಸರಿಯುತ್ತಾರೆ. ಇದು ರಚನಕಾರನು ಮೊದಲು ಯೋಚಿಸಿದ್ದಲ್ಲ. ಚಿತ್ರಿಸಬೇಕಾದ ಆಕೃತಿಗಳು ಕಡಮೆಯಾದಾಗ ಗಣಕದ ಹೊರೆ ಇಳಿದು ಆಟವೇ ಚುರುಕಾಯಿತು. ರಚನಕಾರ ನಿಶಿಕಾಡೊ ಇದನ್ನು ದೋಷವೆಂದು ತೆಗೆದುಹಾಕದೆ ಗುಣವೆಂದು ಉಳಿಸಿಕೊಂಡನು. ಮುಂದೆ ಬಂದ ಎಷ್ಟೋ ಆಟಗಳಲ್ಲಿ ಕಷ್ಟವು ಕ್ರಮೇಣ ಏರುವ ಪದ್ಧತಿ ಬೇರೂರಿತು.

ಇಂಥ ಆಟಗಳಿಂದ ಪ್ರಯೋಜನವುಂಟೇ? ಉಂಟು, ಆದರೆ ಮಿತವಾಗಿ. ಚುರುಕಿನ ಆಟಗಳನ್ನು ಆಡುವವರ ದೃಷ್ಟಿಯ ಅವಧಾನವು ಇತರರಿಗಿಂತ ಹೆಚ್ಚೆಂದೂ, ಆಡದವರಿಗೆ ಅಭ್ಯಾಸ ಕೊಟ್ಟರೆ ಅವರಲ್ಲಿಯೂ ಅದು ಸುಧಾರಿಸುವುದೆಂದೂ ಶಾನ್ ಗ್ರೀನ್ ಮತ್ತು ಡ್ಯಾಫ್ನಿ ಬವೆಲಿಯೆ 2003ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಪ್ರಕಟಿಸಿದರು. ಕಣ್ಣಿನ ಅವಧಾನ ಹೆಚ್ಚುವುದೂ ಪರೀಕ್ಷೆಯ ಅಂಕ ಹೆಚ್ಚುವುದೂ ಬೇರೆ ಬೇರೆಯೆಂಬುದನ್ನು ಮಾತ್ರ ಮರೆಯಬಾರದು. ವಾಷಿಂಗ್ಟನ್ ವಿಶ್ವವಿದ್ಯಾಲಯದವರು 2008ರಲ್ಲಿ ಹೊರತಂದ ‘ಫೋಲ್ಡಿಟ್’ ಎಂಬ ಆಟವು ಇನ್ನೂ ಮುಂದೆ ಹೋಯಿತು. ಪ್ರೋಟೀನಿನ ಸರಪಳಿಯನ್ನು ಮಡಿಸುವುದೇ ಅಲ್ಲಿಯ ಆಟ. ಏಡ್ಸ್ ರೋಗದ ವೈರಸ್ಸಿನ ವರ್ಗಕ್ಕೆ ಸೇರಿದ, ಕೋತಿಗಳನ್ನು ಕಾಡುವ ಒಂದು ವೈರಸ್ಸಿನ ಕಿಣ್ವದ ರಚನೆಯು ವರ್ಷಗಟ್ಟಲೆ ವಿಜ್ಞಾನಿಗಳಿಗೆ ಬಿಡಿಸಲಾಗದೆ ಉಳಿದಿತ್ತು. ಫೋಲ್ಡಿಟ್ ಆಟಗಾರರು ಕೆಲವೇ ವಾರಗಳಲ್ಲಿ ಅದರ ಸರಿಯಾದ ಮಾದರಿಯನ್ನು ಕಟ್ಟಿಕೊಟ್ಟರು. 2011ರಲ್ಲಿ ಈ ಫಲಿತಾಂಶ ಪ್ರಕಟವಾಯಿತು. ಅವರಲ್ಲಿ ಹೆಚ್ಚಿನವರು ಜೀವರಸಾಯನ ಶಾಸ್ತ್ರವನ್ನು ಓದಿದವರೇ ಅಲ್ಲ.

ಆಟವನ್ನು ರಚಿಸುವುದೂ ಒಂದು ವಿದ್ಯೆ, ಒಂದು ಉದ್ಯೋಗ. ಬೆಂಗಳೂರಿನಲ್ಲಿ 1997ರಲ್ಲಿಯೇ ರಾಜೇಶ್ ರಾವ್ ಅವರು ‘ಧ್ರುವ ಇಂಟರಾಕ್ಟಿವ್’ ಎಂಬ ಆಟಗಳ ಸಂಸ್ಥೆಯನ್ನು ಕಟ್ಟಿದರು. 2019ರಲ್ಲಿ ಅದನ್ನು ಜಗತ್ಪ್ರಸಿದ್ಧವಾದ ರಾಕ್‌ಸ್ಟಾರ್ ಸಂಸ್ಥೆ ಕೊಂಡುಕೊಂಡಿತು. ಗಣಿತ, ಚಿತ್ರಕಲೆ, ಸಂಗೀತ, ಕಥನ ಇವೆಲ್ಲ ಕೂಡುವ ಈ ಕ್ಷೇತ್ರದಲ್ಲಿ ಬೀದರ ಜಿಲ್ಲೆಯ ಹುಡುಗ ಹುಡುಗಿಯರಿಗೂ ಸ್ಥಾನವಿದೆ. ಆದರೆ ರಚಿಸುವವನಿಗೂ ಬರೀ ಆಡುವವನಿಗೂ ಇರುವ ಅಂತರವು ಅಡುಗೆ ಮಾಡುವವನಿಗೂ ಉಣ್ಣುವವನಿಗೂ ಇರುವಷ್ಟೇ ಸರಿ. ಎಷ್ಟು ಉಂಡರೂ ಅಡುಗೆ ಬಾರದು.

ಪೆಟ್ಟಿಗೆಯ ಲೆಕ್ಕ

ಇನ್ನು ನಾಣ್ಯದ ಮತ್ತೊಂದು ಮುಖವನ್ನು ನೋಡೋಣ. ಹಲವು ಆಟಗಳು ಬಿಟ್ಟಿಯಾಗಿ ದೊರೆಯುತ್ತವೆ. ಅವುಗಳ ಆದಾಯದ ಒಂದು ಮೂಲ, ಒಳಗೆ ಮಾರುವ ಉಡುಪು, ಬಂದೂಕು, ಅಲಂಕಾರಗಳು. ನೇರವಾಗಿ ಬೆಲೆ ಕಟ್ಟಿ ಮಾರಿದರೆ ಅದು ವ್ಯಾಪಾರ. ಆದರೆ ಕೆಲವೆಡೆ ಮಾರುವುದು ಮುಚ್ಚಿದ ಪೆಟ್ಟಿಗೆಯನ್ನು. ಹಣ ಕೊಟ್ಟು ತೆರೆದರೆ ಒಳಗೆ ಏನು ಬೇಕಾದರೂ ಇರಬಹುದು. ಬಹುಮಟ್ಟಿಗೆ ಬೇಡವಾದದ್ದೇ ಇರುತ್ತದೆ.

ಒಂದು ಪೆಟ್ಟಿಗೆಯಲ್ಲಿ ಬೇಕಾದ ವಸ್ತು ದೊರೆಯುವ ಸಂಭವನೀಯತೆ ನೂರಕ್ಕೆ ಒಂದು ಎಂದಿಟ್ಟುಕೊಳ್ಳಿ. “ಸರ್, ಹಾಗಾದರೆ ನೂರು ಪೆಟ್ಟಿಗೆ ತೆರೆದರೆ ಒಂದಾದರೂ ಬರಲೇಬೇಕಲ್ಲ?” ಎಂದು ವಿದ್ಯಾರ್ಥಿಗಳು ಕೇಳುವುದುಂಟು. ಬರಲೇಬೇಕೆಂಬ ನಿಯಮವಿಲ್ಲ. ಒಂದು ಸಲ ಬಾರದಿರುವ ಸಂಭವನೀಯತೆ 0.99. ನೂರು ಸಲವೂ ಬಾರದಿರಬೇಕಾದರೆ 0.99ನ್ನು ನೂರು ಸಲ ಗುಣಿಸಬೇಕು; ಉತ್ತರ ಸುಮಾರು 0.37. ಎಂದರೆ ನೂರು ಪೆಟ್ಟಿಗೆಗಳನ್ನು ಕೊಂಡ ನೂರು ಮಂದಿಯಲ್ಲಿ ಸುಮಾರು 37 ಮಂದಿ ಬರಿಗೈಯಲ್ಲಿ ಮರಳುತ್ತಾರೆ! ನೂರಕ್ಕೆ 95ರಷ್ಟು ಭರವಸೆ ಬೇಕಾದರೆ ಸುಮಾರು 300 ಪೆಟ್ಟಿಗೆಗಳು ಬೇಕು. ಪೆಟ್ಟಿಗೆಯೊಂದಕ್ಕೆ 50 ರೂಪಾಯಿಯಾದರೆ ಒಟ್ಟು 15,000 ರೂಪಾಯಿ. ತೊಂಬತ್ತೊಂಬತ್ತು ಪೆಟ್ಟಿಗೆಗಳು ಬರಿದಾದ ಮಾತ್ರಕ್ಕೆ ನೂರನೆಯದರಲ್ಲಿ ಆಶೆ ಹೆಚ್ಚುವುದಿಲ್ಲ. ಪೆಟ್ಟಿಗೆಗೆ ನೆನಪಿಲ್ಲ, ನೆನಪಿರುವುದು ನಮಗೆ ಮಾತ್ರ. ಇಂತಿಷ್ಟು ಪೆಟ್ಟಿಗೆಗಳ ಬಳಿಕ ವಸ್ತುವನ್ನು ಕೊಟ್ಟೇ ಕೊಡುವೆವೆಂದು ಕೆಲವು ಆಟಗಳು ವಚನವೀಯುತ್ತವೆ; ಅಲ್ಲಿ ಅಷ್ಟೂ ಪೆಟ್ಟಿಗೆಗಳ ಹಣವನ್ನೇ ವಸ್ತುವಿನ ನಿಜವಾದ ಬೆಲೆಯೆಂದು ತಿಳಿಯತಕ್ಕದ್ದು.

ಲೆಕ್ಕ ಇಷ್ಟು ಸ್ಪಷ್ಟವಾಗಿದ್ದರೂ ಬೆರಳು ಮತ್ತೆ ಮತ್ತೆ ಪೆಟ್ಟಿಗೆಯ ಮೇಲೆ ಹೋಗುವುದೇಕೆ? ಇದಕ್ಕೆ ಉತ್ತರವನ್ನು ಪಾರಿವಾಳಗಳು ಕೊಟ್ಟಿವೆ. ಅಮೆರಿಕದ ಮನೋವಿಜ್ಞಾನಿಗಳಾದ ಫರ್ಸ್ಟರ್ ಮತ್ತು ಸ್ಕಿನ್ನರ್ 1957ರಲ್ಲಿ ಒಂದು ದೊಡ್ಡ ಗ್ರಂಥವನ್ನು ಪ್ರಕಟಿಸಿದರು. ಪಾರಿವಾಳವು ಗುಂಡಿಯನ್ನು ಕುಕ್ಕಿದರೆ ಕಾಳು ಬೀಳುತ್ತದೆ. ಎಷ್ಟು ಕುಕ್ಕಿಗೆ ಕಾಳೆಂಬುದು ನಿಶ್ಚಿತವಾಗಿದ್ದರೆ, ಕಾಳು ತಿಂದ ಮೇಲೆ ಹಕ್ಕಿ ತುಸು ವಿರಮಿಸುತ್ತದೆ. ಒಮ್ಮೆ ಮೂರಕ್ಕೆ, ಒಮ್ಮೆ ಮೂವತ್ತಕ್ಕೆ ಎಂಬಂತೆ ಅನಿಶ್ಚಿತವಾಗಿದ್ದರೆ ಅದು ಬಿಡುವಿಲ್ಲದೆ ಕುಕ್ಕುತ್ತಲೇ ಇರುತ್ತದೆ. ಕಾಳು ನಿಂತ ಮೇಲೂ ಬಹಳ ಹೊತ್ತು ಬಿಡುವುದಿಲ್ಲ. ಮುಚ್ಚಿದ ಪೆಟ್ಟಿಗೆಯ ವ್ಯಾಪಾರವು ನಿಂತಿರುವುದು ಇದೇ ತತ್ತ್ವದ ಮೇಲೆ. ಬೆಲ್ಜಿಯಂ ದೇಶವು 2018ರಲ್ಲಿ ಹಣದ ಪೆಟ್ಟಿಗೆಗಳನ್ನು ಜೂಜೆಂದೇ ಪರಿಗಣಿಸಿತು.

ಜಾಣ್ಮೆ ಯಾವುದು, ಜೂಜು ಯಾವುದು ಎಂಬ ಪ್ರಶ್ನೆ ನಮ್ಮ ನಾಡಿಗೂ ಹಳೆಯದು. 1950ರ ದಶಕದಲ್ಲಿ ಬೆಂಗಳೂರಿನಲ್ಲಿ ಅಚ್ಚಾಗುತ್ತಿದ್ದ ‘ಸ್ಪೋರ್ಟಿಂಗ್ ಸ್ಟಾರ್’ ಎಂಬ ಪತ್ರಿಕೆ ಬಹುಮಾನದ ಪದಬಂಧಗಳನ್ನು ನಡೆಸುತ್ತಿತ್ತು. ಅವುಗಳ ಮೇಲೆ ಮುಂಬಯಿ ರಾಜ್ಯವು ತೆರಿಗೆ ವಿಧಿಸಿದಾಗ ಎದ್ದ ವಿವಾದವು ಸರ್ವೋಚ್ಚ ನ್ಯಾಯಾಲಯದವರೆಗೆ ಹೋಯಿತು. ಜಾಣ್ಮೆಯ ವೇಷ ತೊಟ್ಟಿದ್ದರೂ ಆ ಸ್ಪರ್ಧೆಗಳು ಜೂಜಿನ ಸ್ವರೂಪದವೆಂದು ನ್ಯಾಯಾಲಯವು 1957ರಲ್ಲಿ ತೀರ್ಮಾನಿಸಿತು. ಅರವತ್ತು ವರ್ಷಗಳ ಮೇಲೆ ಅದೇ ಪ್ರಶ್ನೆ ಮೊಬೈಲಿನಲ್ಲಿ ಮರುಹುಟ್ಟು ಪಡೆಯಿತು. ಪಣವೊಡ್ಡಿ ಆಡುವ ಜಾಲದ ಆಟಗಳನ್ನು ನಿಷೇಧಿಸಿ ಕರ್ನಾಟಕವು 2021ರಲ್ಲಿ ಕಾಯಿದೆ ಮಾಡಿತು. ಅದರ ಮುಖ್ಯ ವಿಧಿಗಳನ್ನು 2022ರ ಫೆಬ್ರವರಿಯಲ್ಲಿ ಉಚ್ಚ ನ್ಯಾಯಾಲಯವು ರದ್ದುಪಡಿಸಿತು. ಬಳಿಕ 2025ರ ಆಗಸ್ಟಿನಲ್ಲಿ ಸಂಸತ್ತು ಇಡೀ ದೇಶಕ್ಕೆ ಅನ್ವಯಿಸುವ ಕಾಯಿದೆಯನ್ನು ಅಂಗೀಕರಿಸಿತು. ಹಣವೊಡ್ಡುವ ಆಟಗಳನ್ನು ನಡೆಸುವುದನ್ನೂ ಅವುಗಳ ಜಾಹೀರಾತನ್ನೂ ಅದು ನಿಷೇಧಿಸುತ್ತದೆ. ಸ್ಪರ್ಧಾಕ್ರೀಡೆಯಾದ ಇ-ಸ್ಪೋರ್ಟ್ಸನ್ನೂ ವಿನೋದದ ಆಟಗಳನ್ನೂ ಬೇರೆಯಾಗಿ ಎಣಿಸುತ್ತದೆ.

ಕಾಯಿದೆ ಎಷ್ಟೇ ಬಿಗಿಯಾಗಿದ್ದರೂ ಮನೆಯೊಳಗಿನ ಕಾವಲು ಮನೆಯವರದೇ. ಹಳ್ಳಿಯ ಅನೇಕ ಮನೆಗಳಲ್ಲಿ ಇರುವುದು ಒಂದೇ ಒಳ್ಳೆಯ ಫೋನು. ಮಗನಿಗೆ ಅದು ಆಟದ ಹಾಸು, ಮಗಳಿಗೆ ಪಾಠದ ಪುಸ್ತಕ, ತಂದೆಗೆ ಬ್ಯಾಂಕು. ತೊಗರಿ ಮಾರಿದ ಹಣವೂ ಪೆಟ್ಟಿಗೆ ತೆರೆಯುವ ಗುಂಡಿಯೂ ಒಂದೇ ಫಲಕದಲ್ಲಿರುವಾಗ, ಪಾವತಿಯ ಗುಪ್ತಸಂಖ್ಯೆಯು ಮಕ್ಕಳ ನಾಲಗೆಯ ಮೇಲೆ ಇರಬಾರದು.

ಕಾಲವೆಂಬ ಪಣ

ಹಣವನ್ನು ಒಡ್ಡದವನೂ ಪಣವೊಡ್ಡದೆ ಇರುವುದಿಲ್ಲ. ಅವನು ಒಡ್ಡುವುದು ಕಾಲವನ್ನು. ‘ಪಬ್‌ಜಿ ಮೊಬೈಲ್’ ಆಟವನ್ನು ಭಾರತ ಸರ್ಕಾರವು 2020ರ ಸೆಪ್ಟೆಂಬರಿನಲ್ಲಿ ತಡೆಹಿಡಿಯಿತು. ಅದರ ಭಾರತೀಯ ರೂಪವಾದ ‘ಬಿ.ಜಿ.ಎಂ.ಐ.’ 2021ರಲ್ಲಿ ಬಂದು, 2022ರಲ್ಲಿ ಮರೆಯಾಗಿ, 2023ರ ಮೇ ತಿಂಗಳಲ್ಲಿ ಮರಳಿತು. ಆಗ 18 ತುಂಬದವರಿಗೆ ದಿನಕ್ಕೆ 3 ಗಂಟೆ, ಉಳಿದವರಿಗೆ 6 ಗಂಟೆ ಎಂಬ ಮಿತಿಯನ್ನು ಅದರಲ್ಲಿಯೇ ಅಳವಡಿಸಲಾಯಿತು. ಈ ಕೆಳಗಿನ ಮಿತಿಯನ್ನೇ ಲೆಕ್ಕಹಾಕೋಣ. ದಿನಕ್ಕೆ 3 ಗಂಟೆಯಂತೆ ವರ್ಷಕ್ಕೆ 1,095 ಗಂಟೆ. ಹಗಲುರಾತ್ರಿ ಸೇರಿದ 45 ದಿನಗಳಿಗೂ ಮಿಗಿಲು. ಗರಿಷ್ಠ ಮಿತಿಯೆಂಬುದು ಶಿಫಾರಸಲ್ಲ. ರಸ್ತೆಯ ವೇಗಮಿತಿಯನ್ನು ಕಂಡು ಯಾರೂ ಊರೊಳಗೆ ಅದೇ ವೇಗದಲ್ಲಿ ಗಾಡಿ ಓಡಿಸುವುದಿಲ್ಲವಷ್ಟೆ.

ಈ ಗಂಟೆಗಳು ಎಲ್ಲಿಂದ ಬರುತ್ತವೆ? ಹೆಚ್ಚಾಗಿ ನಿದ್ರೆಯಿಂದ. ಹದಿಮೂರರಿಂದ ಹದಿನೆಂಟರ ವಯಸ್ಸಿನವರಿಗೆ ದಿನಕ್ಕೆ 8ರಿಂದ 10 ಗಂಟೆ ನಿದ್ರೆ ಬೇಕೆಂದು ನಿದ್ರಾವೈದ್ಯರು ಹೇಳುತ್ತಾರೆ. ಹಗಲು ಕಲಿತದ್ದು ನೆನಪಿನಲ್ಲಿ ನೆಲೆಗೊಳ್ಳುವುದು ಬಹುಪಾಲು ನಿದ್ರೆಯಲ್ಲಿಯೇ. ಆದುದರಿಂದ ನಡುರಾತ್ರಿಯವರೆಗೆ ಆಡಿದವನು ಕಳೆದುಕೊಳ್ಳುವುದು ಆ ರಾತ್ರಿಯನ್ನು ಮಾತ್ರವಲ್ಲ, ಹಿಂದಿನ ಹಗಲನ್ನೂ ಮುಂದಿನ ಹಗಲನ್ನೂ.

ಇದನ್ನು ನನ್ನ ಮಾತೆಂದು ನಂಬಬೇಡಿ, ಅಳೆದು ನೋಡಿ. 30 ಸೆಂಟಿಮೀಟರಿನ ಅಳತೆಪಟ್ಟಿಯೊಂದನ್ನು ಗೆಳೆಯನು ಮೇಲ್ತುದಿಯಲ್ಲಿ ಹಿಡಿದು ತೂಗುಬಿಡಲಿ. ನಿಮ್ಮ ಹೆಬ್ಬೆರಳೂ ತೋರುಬೆರಳೂ ಕೆಳಗೆ ಸೊನ್ನೆಯ ಗೆರೆಯ ಇಕ್ಕೆಲಗಳಲ್ಲಿ, ಮುಟ್ಟದಂತೆ ಇರಲಿ. ಅವನು ಮುನ್ಸೂಚನೆಯಿಲ್ಲದೆ ಕೈಬಿಟ್ಟೊಡನೆ ನೀವು ಹಿಡಿಯಬೇಕು. ಪಟ್ಟಿ ಬಿದ್ದ ದೂರದಿಂದ ಪ್ರತಿಕ್ರಿಯೆಯ ಕಾಲವು ದೊರೆಯುತ್ತದೆ: 15 ಸೆಂಟಿಮೀಟರಿಗೆ ಸುಮಾರು 0.17 ಸೆಕೆಂಡ್, 20ಕ್ಕೆ 0.20, 25ಕ್ಕೆ 0.23. ದೂರವನ್ನು ಮೀಟರಿನಲ್ಲಿ ತೆಗೆದುಕೊಂಡು, ಎರಡರಿಂದ ಗುಣಿಸಿ, 9.8ರಿಂದ ಭಾಗಿಸಿ, ವರ್ಗಮೂಲ ತೆಗೆದರೆ ಆಯಿತು. ಹತ್ತು ಸಲ ಮಾಡಿ ಸರಾಸರಿ ತೆಗೆಯಿರಿ. ಚೆನ್ನಾಗಿ ನಿದ್ರಿಸಿದ ಬೆಳಗಿನ ಸರಾಸರಿಯನ್ನೂ, ತಡರಾತ್ರಿಯವರೆಗೆ ಆಡಿದ ಮರುಬೆಳಗಿನ ಸರಾಸರಿಯನ್ನೂ ಒಂದು ತಿಂಗಳು ಪುಸ್ತಕದಲ್ಲಿ ಗುರುತುಮಾಡಿ. ಚುರುಕಿನ ಆಟಗಾರನಾಗಬೇಕೆಂಬ ಹಂಬಲವಿದ್ದವನಿಗೂ ಉತ್ತರವು ಆ ಪುಸ್ತಕದಲ್ಲಿಯೇ ಸಿಗುವುದು.

ಆಟವು ರೋಗವಾಗುವುದು ಯಾವಾಗ? ವಿಶ್ವ ಆರೋಗ್ಯ ಸಂಸ್ಥೆಯ ರೋಗವರ್ಗೀಕರಣದ 11ನೆಯ ಆವೃತ್ತಿಯು 2022ರ ಜನವರಿ 1ರಂದು ಜಾರಿಗೆ ಬಂದಿತು. ‘ಆಟದ ವ್ಯಸನ’ಕ್ಕೆ ಅದರಲ್ಲಿ ಸ್ಥಾನ ದೊರೆತಿದೆ. ಲಕ್ಷಣಗಳು ಮೂರು: ಆಟದ ಮೇಲೆ ಹತೋಟಿ ತಪ್ಪುವುದು, ಬೇರೆಲ್ಲ ಆಸಕ್ತಿಗಳಿಗಿಂತ ಆಟವೇ ಮುಂದಾಗುವುದು, ಹಾನಿ ಕಣ್ಣೆದುರಿಗಿದ್ದರೂ ಮುಂದುವರಿಯುವುದು. ಇವು ಸಾಮಾನ್ಯವಾಗಿ ಹನ್ನೆರಡು ತಿಂಗಳಾದರೂ ತೋರಿಬಂದು, ಓದು, ಮನೆ, ಗೆಳೆತನಗಳು ಗಣನೀಯವಾಗಿ ಕೆಟ್ಟಿದ್ದರೆ ಮಾತ್ರ ವೈದ್ಯರು ರೋಗವೆಂದು ನಿರ್ಣಯಿಸುತ್ತಾರೆ. ಹಬ್ಬದ ರಜೆಯಲ್ಲಿ ಎರಡು ದಿನ ಹೆಚ್ಚು ಆಡಿದ ಹುಡುಗನು ರೋಗಿಯಲ್ಲ. ಆದರೆ ಲಕ್ಷಣಗಳು ನಿಜವಾಗಿಯೂ ಕಂಡರೆ, ಬಯ್ಗುಳದಿಂದಾಗಲಿ ಫೋನನ್ನು ಒಡೆಯುವುದರಿಂದಾಗಲಿ ಅವು ವಾಸಿಯಾಗುವುದಿಲ್ಲ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯಲ್ಲಿ 2014ರಿಂದ ಇದಕ್ಕಾಗಿಯೇ ‘ಶಟ್’ ಎಂಬ ಚಿಕಿತ್ಸಾಲಯವಿದೆ. ಬೆಂಗಳೂರು ದೂರವಾಯಿತೆನ್ನುವವರು 14416 ಎಂಬ ಟೆಲಿಮಾನಸ್ ಸಂಖ್ಯೆಗೆ ಕರೆಮಾಡಿ ಕನ್ನಡದಲ್ಲಿಯೇ, ಹಣವಿಲ್ಲದೆ, ಸಲಹೆ ಪಡೆಯಬಹುದು.

ಮೂರು ಪ್ರಶ್ನೆಗಳು

ಇಷ್ಟೆಲ್ಲ ವಿಚಾರಿಸಿದ ಮೇಲೆ, ಯಾವುದೇ ಆಟವನ್ನು ತೂಗಲು ಮೂರು ಪ್ರಶ್ನೆಗಳು ಸಾಕೆಂದು ನನಗೆ ತೋರುತ್ತದೆ. ಮೊದಲನೆಯದು: ಈ ಆಟದಲ್ಲಿ ಸೋಲುಗೆಲವುಗಳ ನಿಯಮವು ನನಗೆ ತಿಳಿಯುವಂತಿದೆಯೇ, ಇಲ್ಲವೇ ಪೆಟ್ಟಿಗೆಯೊಳಗೆ ಬಚ್ಚಿಟ್ಟಿದೆಯೇ? ಎರಡನೆಯದು: ಇದಕ್ಕೆ ಕೊನೆಯುಂಟೇ? ಚದುರಂಗದ ಪಂದ್ಯ ಮುಗಿಯುತ್ತದೆ, ಕಬಡ್ಡಿಗೆ ಸೀಟಿ ಊದುತ್ತಾರೆ. ಈ ಆಟವು ನನಗೆ ಎದ್ದುಹೋಗುವ ಎಡೆಯನ್ನು ಕೊಡುತ್ತದೆಯೇ, ಅಥವಾ ನಾಳೆ ಬಾರದಿದ್ದರೆ ಬಹುಮಾನ ತಪ್ಪುವುದೆಂದು ಅಂಜಿಸಿ ಕಟ್ಟಿಹಾಕುತ್ತದೆಯೇ? ಮೂರನೆಯದು: ಇಲ್ಲಿ ಪಣಕ್ಕಿಟ್ಟಿರುವುದು ಯಾರದು? ಕಾಲವಾದರೆ ನನ್ನದು; ಹಣವಾದರೆ ಬಹುಶಃ ತಂದೆತಾಯಿಯರದು.

ಮೂರು ಪ್ರಶ್ನೆಗಳಿಗೂ ಸಮಾಧಾನವಾದ ಉತ್ತರ ಕೊಡುವ ಆಟವನ್ನು ಸಂತೋಷವಾಗಿ ಆಡಿರಿ, ನಾನೂ ಆಡುತ್ತೇನೆ. ಉತ್ತರ ಕೊಡದ ಆಟವು ಎಷ್ಟೇ ಚೆಂದವಾಗಿದ್ದರೂ ಅಲ್ಲಿ ನೀವು ಆಟಗಾರರಲ್ಲ, ದಾಳಗಳು. ಹಿರಿಯರಿಗೂ ಒಂದು ವಿನಂತಿಯುಂಟು. ಆಟವನ್ನು ಬಯ್ಯುವ ಮೊದಲು ಮಗನ ಪಕ್ಕದಲ್ಲಿ ಅರ್ಧ ಗಂಟೆ ಕುಳಿತು, ಅದರ ನಿಯಮವೇನೆಂದು ಅವನಿಂದಲೇ ಕೇಳಿ ತಿಳಿಯಿರಿ. ನಿಯಮವನ್ನು ಸೊಗಸಾಗಿ ವಿವರಿಸಬಲ್ಲ ಹುಡುಗನಿಗೆ ಆಟವು ಏನನ್ನೋ ಕಲಿಸಿದೆ. ವಿವರಿಸಲಾರದೆ ತಡವರಿಸಿದರೆ, ಆ ತಡವರಿಕೆಯೇ ಅವನಿಗೆ ಮೊದಲನೆಯ ಪಾಠವಾಗುವುದು.

ಆಟದ ಜಗತ್ತಿಗೆ ನಿಯಮಗಳನ್ನು ಹಾಕಿದವರು ಬೇರೆ ಯಾರೋ. ಆಡುವವನ ದಿನಕ್ಕೆ ನಿಯಮ ಹಾಕಬೇಕಾದವನು ಆಡುವವನೇ.